ದೊಡ್ಡ ಹೆಸರುಗಳ ಪಕ್ಕದವರನ್ನು ಹುಡುಕಿಕೊಂಡು: ಕಿತ್ತೂರಿನಿಂದ ಈಸೂರಿನವರೆಗೆ

ಬೆಂಗಳೂರಿನಲ್ಲಿ ನಾನು ರೈಲು ಹತ್ತಿದ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಹುಬ್ಬಳ್ಳಿಯಲ್ಲಿ ಚೆನ್ನಮ್ಮ ಸರ್ಕಲ್ ಗೊತ್ತಿಲ್ಲದ ಆಟೋದವರಿಲ್ಲ. ಹಾವೇರಿ ರೈಲು ನಿಲ್ದಾಣಕ್ಕೆ ಮೈಲಾರ ಮಹಾದೇವಪ್ಪನವರ ಹೆಸರು. ಈ ಮೂವರೂ ನಮಗೆಲ್ಲ ಗೊತ್ತಿರುವವರೇ. ಆದರೆ ರಾಯಣ್ಣನ ಜೊತೆ ಕಾಡು ಅಲೆದವರು ಯಾರು, ಮಹಾದೇವಪ್ಪನವರ ಪಕ್ಕದಲ್ಲೇ ಗುಂಡು ತಿಂದು ಬಿದ್ದ ಇನ್ನಿಬ್ಬರು ಯಾರು, ಈಸೂರಿನಿಂದ ಜೈಲಿಗೆ ಹೋದ ಹೆಂಗಸರು ಯಾರು ಅಂತ ಕೇಳಿದರೆ ಎಷ್ಟು ಜನ ಥಟ್ಟನೆ ಹೇಳುತ್ತೇವೆ?

ಅಕ್ಕನ ತಲೆಯನ್ನು ಬಹಳ ದಿನದಿಂದ ಕೊರೆಯುತ್ತಿದ್ದ ಪ್ರಶ್ನೆ ಇದು. ಅವಳು ಧಾರವಾಡದಲ್ಲಿ ಹೈಸ್ಕೂಲು ಟೀಚರ್, ಸಮಾಜ ವಿಜ್ಞಾನ ಕಲಿಸುತ್ತಾಳೆ. ಪಾಠದಲ್ಲಿ ಒಂದೇ ಸಾಲಿಗೆ ಮುಗಿದುಹೋಗುವ ಊರುಗಳನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು ಅನ್ನುತ್ತಲೇ ಇದ್ದಳು. ಈ ಸಲ ದೀಪಾವಳಿ ಮುಗಿದ ಮೇಲೆ ಎಲ್ಲರಿಗೂ ರಜೆ ಕೂಡಿಬಂತು. ಕಾರು ಅವಳದ್ದು, ಓಡಿಸುವುದು ಅವಳ ಮಗ, ದಾರಿಖರ್ಚು ನನ್ನದು ಅಂತ ಮಾತಾಯಿತು. ದೊಡ್ಡ ಹೆಸರಿನ ಊರಿಗೆ ಹೋಗೋಣ, ಆದರೆ ಪಕ್ಕದಲ್ಲಿ ನಿಂತಿದ್ದವರನ್ನೂ ಕೇಳಿಕೊಂಡು ಬರೋಣ, ಇಷ್ಟೇ ನಮ್ಮ ಪ್ಲಾನ್.

ಮೊದಲ ದಿನ: ಬೈಲಹೊಂಗಲ, ಸಂಗೊಳ್ಳಿ, ಕಿತ್ತೂರು

ಎಲ್ಲರೂ ಮೊದಲು ಕಿತ್ತೂರಿಗೆ ಹೋಗುತ್ತಾರೆ. ಅಕ್ಕ ಬೈಲಹೊಂಗಲಕ್ಕೆ ನಡಿ ಅಂದಳು. ರಾಣಿ ಚೆನ್ನಮ್ಮ ಕೊನೆಯ ದಿನಗಳನ್ನು ಕಳೆದದ್ದು ಅಲ್ಲಿನ ಸೆರೆಯಲ್ಲಿ, ತೀರಿಕೊಂಡದ್ದೂ ಅಲ್ಲೇ, 1829ರ ಫೆಬ್ರವರಿಯಲ್ಲಿ. ಸಮಾಧಿ ಊರೊಳಗೇ ಇದೆ, ಸುತ್ತ ಉದ್ಯಾನ. ನಾವು ಹೋದಾಗ ಹತ್ತಿರದ ಕಾಲೇಜಿನ ಹುಡುಗಿಯರು ನೆರಳಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದರು. ನನಗೆ ಅದು ಚೆನ್ನಾಗಿಯೇ ಕಂಡಿತು. ಬೀಗ ಹಾಕಿ ವರ್ಷಕ್ಕೊಮ್ಮೆ ಹಾರ ಹಾಕಲು ತೆರೆಯುವ ಸ್ಮಾರಕಕ್ಕಿಂತ ಹುಡುಗಿಯರು ಓದಲು ಬಂದು ಕೂರುವ ಸ್ಮಾರಕ ಎಷ್ಟೋ ಮೇಲು.

ಸೆರೆಯಲ್ಲಿ ಚೆನ್ನಮ್ಮ ಒಬ್ಬಳೇ ಇರಲಿಲ್ಲ. ಸೊಸೆ ವೀರವ್ವ, ಜೊತೆಗೆ ಜಾನಕಿಬಾಯಿ ಕೂಡ ಇದ್ದರು. ಯುದ್ಧ ಸೋತ ಮೇಲೆ ನಾಲ್ಕು ವರ್ಷಕ್ಕೂ ಮಿಕ್ಕಿ ಈ ಹೆಂಗಸರು ಗೋಡೆಯೊಳಗೇ ದಿನ ದೂಡಿದರು. ಕತ್ತಿ ಹಿಡಿದ ರಾಣಿಯ ಚಿತ್ರ ಎಲ್ಲ ಕಡೆ ಇದೆ, ಸೆರೆಯಲ್ಲಿ ಕೂತ ರಾಣಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅಕ್ಕ ಸಮಾಧಿಯ ಮುಂದೆ ಬಹಳ ಹೊತ್ತು ನಿಂತಳು. "ಪಾಠದಾಗ ನಾ ಯುದ್ಧ ಮುಗಿಸಿ ಮುಂದ ಹೋಗಿಬಿಡ್ತೇನಿ, ಇದನ್ನ ಹೇಳಬೇಕು" ಅಂದಳು.

ಅಲ್ಲಿಂದ ಸಂಗೊಳ್ಳಿ ಹತ್ತಿರವೇ. ರಾಯಣ್ಣ ಹುಟ್ಟಿದ ಊರು. ಈಗ ಅಲ್ಲಿ ಅವನ ಜೀವನದ ಘಟನೆಗಳನ್ನೆಲ್ಲ ಶಿಲ್ಪಗಳಲ್ಲಿ ತೋರಿಸುವ ದೊಡ್ಡ ವನ ಆಗಿದೆ, ಸೈನಿಕ ಶಾಲೆಯೂ ಬಂದಿದೆ. ಮಕ್ಕಳಿದ್ದರೆ ತೋರಿಸಲೇಬೇಕಾದ ಜಾಗ. ನಮಗೆ ಕಿತ್ತೂರಿಗೆ ಬಿಸಿಲು ಇಳಿಯುವ ಮೊದಲೇ ಮುಟ್ಟುವ ಆಸೆ ಇತ್ತು, ಹಾಗಾಗಿ ಬೇಗ ಹೊರಟೆವು.

ಕಿತ್ತೂರು ಕೋಟೆಯಲ್ಲಿ ಉಳಿದಿರುವುದು ಅರಮನೆಯ ಅಡಿಪಾಯ, ಮೋಟು ಗೋಡೆಗಳು, ನೀರಿನ ವ್ಯವಸ್ಥೆಯ ಕುರುಹುಗಳು. ಮೊದಲ ನೋಟಕ್ಕೆ ಇಷ್ಟೇನಾ ಅನ್ನಿಸಬಹುದು. ಸ್ವಲ್ಪ ನಿಧಾನವಾಗಿ ನಡೆದರೆ ಊಟದ ಮನೆ ಯಾವುದು, ಸ್ನಾನದ ಮನೆ ಯಾವುದು, ನೀರು ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತಿತ್ತು ಅನ್ನುವುದು ಕಾಲಿಗೇ ತಿಳಿಯುತ್ತದೆ. ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲಿ ಇಟ್ಟ ಕಿಂಡಿಯನ್ನು ಅಲ್ಲಿನವರು ತೋರಿಸುತ್ತಾರೆ. ಅಳಿಯ ಬಗ್ಗಿ ಕಣ್ಣಿಟ್ಟು ನೋಡಿದ. ಹಗಲಾದ್ದರಿಂದ ಒಂದು ಚೂರು ನೀಲಿ ಆಕಾಶ ಕಂಡಿತು. ಕೋಟೆಯೊಳಗೇ ವಸ್ತುಸಂಗ್ರಹಾಲಯ ಇದೆ, ಆಯುಧಗಳು, ಮರದ ಬಾಗಿಲುಗಳು, ಹಳೇ ಶಿಲ್ಪಗಳು. ಅದನ್ನು ಬಿಟ್ಟು ಬರಬೇಡಿ.

ಕಥೆ ನಿಮಗೆ ಗೊತ್ತೇ ಇರುತ್ತದೆ, ಆದರೂ ಚಿಕ್ಕದಾಗಿ ಹೇಳುತ್ತೇನೆ. ಚೆನ್ನಮ್ಮನ ಗಂಡ, ಕಿತ್ತೂರಿನ ದೊರೆ ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡ. ಮಗ ಶಿವಲಿಂಗ ರುದ್ರಸರ್ಜ 1824ರಲ್ಲಿ ಸತ್ತ. ದತ್ತು ತೆಗೆದುಕೊಂಡ ಹುಡುಗನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಡಾಲ್‌ಹೌಸಿಯ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿ ಬಂದದ್ದು ಇದಾಗಿ ಎರಡು ದಶಕದ ಮೇಲೆ. ಅಂದರೆ ಆ ನೀತಿಗೆ ಹೆಸರು ಬೀಳುವ ಮೊದಲೇ ಅದರ ಏಟು ತಿಂದ ಊರು ಕಿತ್ತೂರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಮೊಹರು ಹಾಕಲು ಬಂದ, ಪಡೆ ತಂದ. 1824ರ ಅಕ್ಟೋಬರ್ 23ರಂದು ಕೋಟೆ ಬಾಗಿಲು ತೆರೆದು ಕಿತ್ತೂರಿನವರು ಮೇಲೆ ಬಿದ್ದರು. ಥ್ಯಾಕರೆ ಸತ್ತ. ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು.

ಥ್ಯಾಕರೆಗೆ ಗುಂಡು ಹೊಡೆದವನು ಅಮಟೂರು ಬಾಳಪ್ಪ. ಅಮಟೂರು ಇಲ್ಲೇ ಬೈಲಹೊಂಗಲ ತಾಲ್ಲೂಕಿನ ಹಳ್ಳಿ. ಕೋಟೆಯ ಹೊರಗೆ ಚಹಾ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ಅಕ್ಕ ಕೇಳಿದಳು, "ಅಜ್ಜಾರ, ಬಾಳಪ್ಪನ ಬಗ್ಗೆ ಏನರೆ ಗೊತ್ತೈತೇನ್ರಿ?" ಅವರು ಕಪ್ಪು ಕೆಳಗಿಟ್ಟರು. "ಗೊತ್ತಿಲ್ದ ಏನ್ರಿ ಯವ್ವಾ? ರಾಣಿ ಹಿಂದ ನಿಂತ ಗುರಿ ಹಿಡಿದಾಂವ ಅಂವ. ಅಂವ ಇಲ್ಲಾಂದ್ರ ಅವತ್ತಿನ ದಿನಾ ಬ್ಯಾರೇನ ಆಗತಿತ್ತು." ಆಮೇಲೆ ಒಂದೊಂದಾಗಿ ಹೆಸರು ಬಿಚ್ಚಿದರು: ಸರದಾರ ಗುರುಸಿದ್ದಪ್ಪ, ಬಾಳಪ್ಪ, ಬಿಚ್ಚುಗತ್ತಿ ಚನ್ನಬಸಪ್ಪ. ಮೋಸ ಮಾಡಿದವರ ಹೆಸರನ್ನೂ ಅಷ್ಟೇ ಜೋರಾಗಿ ಹೇಳಿದರು, ಸಿಡಿಮದ್ದಿಗೆ ಸಗಣಿ ಬೆರೆಸಿದ ಕಥೆಯನ್ನೂ ಸೇರಿಸಿ. ಆ ಕಥೆ ಜನರ ಬಾಯಲ್ಲಿ ಉಳಿದು ಬಂದದ್ದು. ಇನ್ನೂರು ವರ್ಷದ ಹಿಂದಿನ ಸೋಲನ್ನು ಆ ಅಜ್ಜ ಹೇಳುವಾಗ ನಿನ್ನೆ ಮೊನ್ನೆ ಆದ ಹಾಗಿತ್ತು. ಚಹಾದ ದುಡ್ಡು ಕೊಡಲು ಹೋದರೆ ಬಿಡಲಿಲ್ಲ, "ಬಾಳಪ್ಪನ ಕೇಳ್ಕೊಂತ ಬಂದೀರಿ" ಅಂದರು.

ಎರಡನೇ ದಿನ: ನಂದಗಡ, ಬೆಳಗಾವಿ

ಬೆಳಿಗ್ಗೆ ಕಿತ್ತೂರಿನಿಂದ ಖಾನಾಪುರದ ಕಡೆಗೆ. ಕಬ್ಬಿನ ಕಟಾವು ಶುರುವಾಗಿತ್ತು, ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಮುಂದೆ ಹೋಗಲು ದಾರಿಯೇ ಇಲ್ಲ. ಬರಬರುತ್ತಾ ಹೊಲ ಕಡಿಮೆಯಾಗಿ ಗಿಡಮರ ಜಾಸ್ತಿಯಾಯಿತು. ರಾಯಣ್ಣ ಈ ಸೀಮೆಯನ್ನೇ ಯಾಕೆ ಆರಿಸಿಕೊಂಡ ಅನ್ನುವುದು ಕಾರಿನ ಕಿಟಕಿಯಿಂದಲೇ ಅರ್ಥವಾಗುತ್ತದೆ. ಇಲ್ಲಿ ಅಡಗಿದವನನ್ನು ಹೊರಗಿನವರು ಹುಡುಕುವುದು ಕಷ್ಟ. ಒಳಗಿನವರು ತೋರಿಸಿಕೊಟ್ಟರೆ ಮಾತ್ರ ಸಿಗುತ್ತಾನೆ, ಆದದ್ದೂ ಹಾಗೆಯೇ.

ರಾಯಣ್ಣ ಕಿತ್ತೂರು ಸಂಸ್ಥಾನದ ಶೇತಸನದಿ, ಅಂದರೆ ಕಾವಲು ಕೆಲಸಕ್ಕೆ ಪ್ರತಿಯಾಗಿ ಭೂಮಿ ಉಣ್ಣುತ್ತಿದ್ದವನು. ಕಿತ್ತೂರು ಬಿದ್ದ ಮೇಲೆ ಹೊಸ ಸರ್ಕಾರ ಆ ಭೂಮಿಗಳ ಮೇಲೆ ಕಣ್ಣು ಹಾಕಿತು, ಕಂದಾಯ ಏರಿತು. ಅವನ ಜೊತೆಗೆ ಸೇರಿದವರು ಬಹಳಷ್ಟು ಮಂದಿ ಹೀಗೆ ಹೊಲ ಕಳೆದುಕೊಂಡವರು. 1829-30ರಲ್ಲಿ ಇವರು ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟರು, ಖಜಾನೆ ದೋಚಿದರು, ಜಮೀನಿನ ದಾಖಲೆಗಳನ್ನು ಸುಟ್ಟರು. ದಾಖಲೆ ಸುಟ್ಟದ್ದನ್ನು ನಾನು ಮುಖ್ಯವಾಗಿ ನೋಡುತ್ತೇನೆ. ರೈತನ ಕುತ್ತಿಗೆ ಹಿಡಿದಿದ್ದು ಆ ಕಾಗದವೇ ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು. ಜೊತೆಯಲ್ಲಿ ಬಿಚ್ಚುಗತ್ತಿ ಚನ್ನಬಸಪ್ಪ ಇದ್ದ, ಸಿದ್ದಿ ಜನಾಂಗದ ಗಜವೀರ ಇದ್ದ. ಕುರುಬರು, ಬೇಡರು, ಲಿಂಗಾಯತರು, ಸಿದ್ದಿಗಳು ಒಂದೇ ದಂಡಿನಲ್ಲಿ ಇದ್ದರು ಅನ್ನುವುದನ್ನು ಈಗ ಜಾತಿಗೊಂದು ಜಯಂತಿ ಮಾಡುವ ನಾವು ಮರೆಯಬಾರದು.

1831ರ ಜನವರಿ 26ರಂದು ರಾಯಣ್ಣನನ್ನು ನಂದಗಡದಲ್ಲಿ ಆಲದ ಮರಕ್ಕೆ ನೇಣು ಹಾಕಿದರು. ಸಮಾಧಿಯ ಜಾಗದಲ್ಲಿ ಈಗ ದೊಡ್ಡ ಆಲದ ಮರ ಇದೆ, ಚನ್ನಬಸಪ್ಪನೇ ಸಸಿ ನೆಟ್ಟನಂತೆ. ಮರದ ಕೊಂಬೆಗಳಿಗೆ ಸಣ್ಣ ಸಣ್ಣ ಮರದ ತೊಟ್ಟಿಲುಗಳನ್ನು ಕಟ್ಟಿದ್ದಾರೆ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು, ರಾಯಣ್ಣನಂಥ ಮಗ ಹುಟ್ಟಲಿ ಅಂತ ಬೇಡಿಕೊಂಡವರು ಕಟ್ಟಿದ್ದು. ಕೆಲವು ಹೊಸವು, ಬಣ್ಣ ಇನ್ನೂ ಮಾಸಿಲ್ಲ. ಕೆಲವು ಮಳೆಗೆ ನೆನೆದು ಕಪ್ಪಾಗಿ ಹಗ್ಗ ಸಡಿಲಾಗಿ ಓರೆಯಾಗಿ ನೇತಾಡುತ್ತಿದ್ದವು. ನಾವಿದ್ದಾಗಲೇ ಒಂದು ಕುಟುಂಬ ಬಂತು. ಸೊಸೆ ತೊಟ್ಟಿಲು ಕಟ್ಟಲು ಕೈ ಎತ್ತಿದರೆ ಕೊಂಬೆ ಎಟುಕಲಿಲ್ಲ, ಅತ್ತೆ ನಮ್ಮ ಅಳಿಯನನ್ನು ಕರೆದು "ತಮ್ಮಾ, ನೀ ಎತ್ತರ ಅದೀ, ಒಂದೀಟು ಕೊಂಬಿ ಬಗ್ಗಿಸಿ ಹಿಡಿಯಪ್ಪಾ" ಅಂದರು. ಅವನು ಹಿಡಿದ, ಆಕೆ ಮೂರು ಗಂಟು ಹಾಕಿ ಕಟ್ಟಿದಳು. ತೆಂಗಿನಕಾಯಿ ಒಡೆದು ನಮಗೂ ಒಂದು ಹೋಳು ಕೊಟ್ಟರು. ಗಲ್ಲಿಗೇರಿದವನೊಬ್ಬ ತೊಟ್ಟಿಲು ಕೊಡುವ ದೇವರಾಗಿದ್ದಾನೆ. ಇದಕ್ಕಿಂತ ದೊಡ್ಡ ನೆನಪನ್ನು ಯಾವ ಸರ್ಕಾರವೂ ಕಟ್ಟಲು ಆಗುವುದಿಲ್ಲ ಅಂತ ನನಗೆ ಅನ್ನಿಸಿತು.

ಮಧ್ಯಾಹ್ನದ ಮೇಲೆ ಬೆಳಗಾವಿ. ಟಿಳಕವಾಡಿಯ ವೀರಸೌಧ ನೋಡಿದೆವು. 1924ರ ಡಿಸೆಂಬರ್ 26 ಮತ್ತು 27ರಂದು ಕಾಂಗ್ರೆಸ್ಸಿನ ಅಧಿವೇಶನ ನಡೆದ ಪ್ರದೇಶ. ಗಾಂಧೀಜಿ ಕಾಂಗ್ರೆಸ್ ಅಧ್ಯಕ್ಷತೆ ವಹಿಸಿದ್ದು ಇದೊಂದೇ ಅಧಿವೇಶನದಲ್ಲಿ. ಇದನ್ನು ಇಲ್ಲಿಗೆ ತಂದು ನಡೆಸಿದ್ದು ಗಂಗಾಧರರಾವ್ ದೇಶಪಾಂಡೆ. ಸ್ವಯಂಸೇವಕರ ಪಡೆ ಕಟ್ಟಿ ಶಿಸ್ತು ಕಲಿಸಿದ್ದು ಡಾ. ನಾ. ಸು. ಹರ್ಡೀಕರ್. ಬಂದ ಸಾವಿರಾರು ಜನಕ್ಕೆ ನೀರು ಬೇಕಲ್ಲ, ಅದಕ್ಕೆ ಆಗ ತೋಡಿದ ಬಾವಿ ಈಗಲೂ ಇದೆ, ಕಾಂಗ್ರೆಸ್ ಬಾವಿ ಅಂತಲೇ ಕರೆಯುತ್ತಾರೆ. ಎಲ್ಲರೂ ಫೋಟೋ ಗ್ಯಾಲರಿ ನೋಡಿ ಹೊರಡುತ್ತಾರೆ, ನೀವು ಬಾವಿಯನ್ನೂ ನೋಡಿ. ಭಾಷಣ ಮಾಡಿದವರ ಹೆಸರು ಎಲ್ಲ ಕಡೆ ಇದೆ, ಬಾವಿ ತೋಡಿದವರ ಹೆಸರು ಎಲ್ಲೂ ಇಲ್ಲ.

ಮೂರನೇ ದಿನ: ಹುಬ್ಬಳ್ಳಿ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. 1957ರಲ್ಲಿ ಶುರುವಾದದ್ದು. ಗುಣಮಟ್ಟ ನೋಡುವ ಕೇಂದ್ರದ ಸಂಸ್ಥೆ ಬಿಐಎಸ್‌ನ ಒಪ್ಪಿಗೆಯೊಂದಿಗೆ ರಾಷ್ಟ್ರಧ್ವಜ ತಯಾರಿಸುವ ಜಾಗ. ಕೆಲಸ ಮಾಡುವವರಲ್ಲಿ ಹೆಂಗಸರೇ ಜಾಸ್ತಿ. ಧ್ವಜದ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದು ಇಲ್ಲಿಗೆ ಬರುತ್ತದೆ. ಮೂರು ಭಾಗ ಮಾಡಿ ಒಂದಕ್ಕೆ ಕೇಸರಿ, ಒಂದಕ್ಕೆ ಹಸಿರು ಬಣ್ಣ ಹಾಕುತ್ತಾರೆ, ಒಂದು ಬಿಳಿ. ಬಿಳಿಯ ಮೇಲೆ ಎರಡೂ ಬದಿಗೆ ಚಕ್ರ ಅಚ್ಚು ಹಾಕಬೇಕು, 24 ಗೆರೆಗಳು, ಈ ಬದಿಯ ಚಕ್ರ ಆ ಬದಿಯ ಚಕ್ರದ ಮೇಲೆ ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ಒಂದಿಷ್ಟು ಸರಿದರೂ ಆ ತುಂಡು ಹೋಯಿತು. ಉದ್ದ ಅಗಲ 3:2ರ ಲೆಕ್ಕದಲ್ಲಿ ಇರಬೇಕು. ಮೇಜಿನ ಮೇಲಿಡುವ 6x4 ಇಂಚಿನಿಂದ ಹಿಡಿದು 21x14 ಅಡಿಯವರೆಗೆ ಒಂಬತ್ತು ಅಳತೆ.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಗಸೊಬ್ಬರು ಕೇಸರಿ ಮತ್ತು ಬಿಳಿ ಪಟ್ಟಿಯನ್ನು ಕೂಡಿಸುತ್ತಿದ್ದರು. ಹೊಲಿದ ಮೇಲೆ ಪಟ್ಟಿಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಹೊಲಿಗೆಯ ಉದ್ದಕ್ಕೂ ಒಮ್ಮೆ ಗೀರಿ ನೋಡುತ್ತಿದ್ದರು. ಎಲ್ಲಾದರೂ ಬಟ್ಟೆ ಎದ್ದಿದ್ದರೆ ಉಗುರಿಗೆ ಸಿಗುತ್ತದಂತೆ. "ಹಾರೋವಾಗ ಗಾಳಿ ಬಾಳ ಜಗ್ಗತೈತ್ರಿ, ಹೊಲಿಗಿ ಬಿಡಬಾರದು" ಅಂದರು. ಯಾವ ಕಟ್ಟಡದ ಮೇಲೆ ಹಾರುತ್ತದೋ ಅವರಿಗೆ ಗೊತ್ತಿರುವುದಿಲ್ಲ. ಆದರೂ ಪ್ರತಿ ಪಟ್ಟಿಗೂ ಆ ಉಗುರಿನ ಪರೀಕ್ಷೆ ತಪ್ಪದು.

2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿದ ಮೇಲೆ ಪಾಲಿಯೆಸ್ಟರ್ ಧ್ವಜಕ್ಕೂ, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಅನುಮತಿ ಸಿಕ್ಕಿತು. ಖಾದಿ ಧ್ವಜದ ಬೇಡಿಕೆಗೆ ಅದು ದೊಡ್ಡ ಪೆಟ್ಟು. ಮನೆ ಮನೆಗೆ ಧ್ವಜ ಮುಟ್ಟಲಿ ಅನ್ನುವ ಮಾತು ಸರಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನೂಲುವವರ, ನೇಯುವವರ, ಹೊಲಿಯುವವರ ಕೈಯಲ್ಲಿ ಕೆಲಸ ಇರಲಿ ಅಂತಲೇ ಅಲ್ವಾ ಆ ಧ್ವಜದ ಜೊತೆ ಖಾದಿ ಬಂದದ್ದು? ಖಾದಿ ಮಾರಿದ್ದಕ್ಕೆ, ಉಟ್ಟಿದ್ದಕ್ಕೆ ಜೈಲು ಕಂಡವರಿದ್ದಾರೆ. ನಿಮ್ಮ ಶಾಲೆಗೋ ಸಂಘಕ್ಕೋ ಧ್ವಜ ಕೊಳ್ಳುವುದಿದ್ದರೆ ದಯವಿಟ್ಟು ಖಾದಿಯದ್ದೇ ಕೊಳ್ಳಿ. ಬೆಲೆ ಜಾಸ್ತಿ ಹೌದು. ಅಕ್ಕ ತನ್ನ ಶಾಲೆಗೆ ಒಂದು ತೆಗೆದುಕೊಂಡಳು.

ಸಂಜೆ ಹುಬ್ಬಳ್ಳಿ ಪೇಟೆಯಲ್ಲಿ ಗಿರಮಿಟ್ಟು, ಮಿರ್ಚಿ ತಿನ್ನುತ್ತಾ ಅಕ್ಕ ಇಬ್ಬರ ಹೆಸರು ಹೇಳಿದಳು. ಒಬ್ಬ ನಾರಾಯಣ ಡೋಣಿ, 1942ರ ಆಗಸ್ಟಿನಲ್ಲಿ ಇದೇ ಊರಿನಲ್ಲಿ ಪೊಲೀಸರ ಗುಂಡಿಗೆ ಸತ್ತ ಶಾಲಾ ಹುಡುಗ. ಇನ್ನೊಬ್ಬರು ಉಮಾಬಾಯಿ ಕುಂದಾಪುರ. ಹರ್ಡೀಕರರ ಸ್ವಯಂಸೇವಕ ಪಡೆ ಸೇವಾದಳದ ಮಹಿಳಾ ವಿಭಾಗ ನಡೆಸಿದವರು, ಜೈಲಿಗೆ ಹೋದವರು, 1942ರಲ್ಲಿ ಭೂಗತರಾದ ಹೋರಾಟಗಾರರಿಗೆ ಮನೆ ಬಾಗಿಲು ತೆರೆದಿಟ್ಟವರು. ಸ್ವಾತಂತ್ರ್ಯ ಬಂದ ಮೇಲೆ ಹುದ್ದೆ ಕೇಳಿಕೊಂಡು ಹೋಗಲಿಲ್ಲ. ಕೊಡಲು ಬಂದ ಗೌರವಗಳನ್ನೂ ಬೇಡ ಅಂದರು. ಹುಬ್ಬಳ್ಳಿಯ ಒಂದು ಸಣ್ಣ ಮನೆಯಲ್ಲಿ ಬದುಕಿ 1992ರಲ್ಲಿ ತೀರಿಕೊಂಡರು. ಅಂದರೆ ನಾನು ಸ್ಕೂಲಿಗೆ ಹೋಗುವಾಗ ಅವರು ಇನ್ನೂ ಇದ್ದರು. ನಮ್ಮ ಸ್ಕೂಲಿನಲ್ಲಿ ಯಾರೂ ಹೇಳಿರಲಿಲ್ಲ.

ನಾಲ್ಕನೇ ದಿನ: ಹೊಸರಿತ್ತಿ, ಮೋಟೆಬೆನ್ನೂರು

ಹಾವೇರಿ ಸೀಮೆ ಸೇರುತ್ತಲೇ ರಸ್ತೆಯ ಅರ್ಧ ಭಾಗದಲ್ಲಿ ಮೆಕ್ಕೆಜೋಳ ಹರವಿದ್ದರು. ಅಳಿಯ ಜಾಗರೂಕತೆಯಿಂದ ಬದಿಗೆ ಓಡಿಸಿದ.

ಹೊಸರಿತ್ತಿ ವರದಾ ನದಿಯ ಸೀಮೆಯ ಊರು. ಅಲ್ಲಿ ವೀರಭದ್ರ ದೇವರ ಗುಡಿ ಇದೆ. ಹೊರಗಿನಿಂದ ನೋಡಿದರೆ ಎಲ್ಲ ಊರಿನ ಗುಡಿಗಳ ಥರದ್ದೇ. 1943ರಲ್ಲಿ ಈ ಗುಡಿಯಲ್ಲಿ ಸರ್ಕಾರದ ಕಂದಾಯದ ಹಣ ಇಟ್ಟು ಪೊಲೀಸ್ ಕಾವಲು ಹಾಕಿದ್ದರು. ಆ ವರ್ಷ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪ ಮತ್ತು ಸಂಗಡಿಗರು ಆ ಹಣ ವಶಪಡಿಸಿಕೊಳ್ಳಲು ಬಂದರು. ಗುಂಡು ಹಾರಿತು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಸತ್ತರು.

ನಾವು ಇಡೀ ಪ್ರವಾಸ ಹೊರಟದ್ದೇ ಈ ಎರಡನೇ ಮೂರನೇ ಹೆಸರಿಗಾಗಿ. ಗುಡಿಯ ಕಟ್ಟೆಯಲ್ಲಿ ಕೂತಿದ್ದವರಿಗೆ ಅಕ್ಕ ಸುಮ್ನೆ "ಮಹಾದೇವಪ್ಪನವರು ಇಲ್ಲೇ ಏನ್ರಿ?" ಅಂದಳು. ಕೂತಿದ್ದವರಲ್ಲಿ ಒಬ್ಬರು ತಿದ್ದಿದರು: "ಮೂರೂ ಮಂದಿ ಇಲ್ಲೇರಿ. ತಿರಕಪ್ಪ, ವೀರಯ್ಯಾರು, ಮಹಾದೇವಪ್ಪಾರು." ನನಗೆ ಮೈ ಜುಮ್ಮೆಂದಿತು. ಪುಸ್ತಕದಲ್ಲಿ "ಮತ್ತು ಇನ್ನಿಬ್ಬರು" ಆಗಿಹೋದವರು ಈ ಕಟ್ಟೆಯಲ್ಲಿ ಇನ್ನೂ ತಿರಕಪ್ಪ, ವೀರಯ್ಯ ಆಗಿಯೇ ಇದ್ದಾರೆ. ಹೆಸರು ಹೇಳುವ ಕ್ರಮದಲ್ಲೂ ಅವರನ್ನೇ ಮೊದಲು ಹೇಳಿದರು, ಬೇಕಂತಲೋ ಸಹಜವಾಗಿಯೋ ತಿಳಿಯದು. ಒಬ್ಬರು ಮಡಿವಾಳರ ಮನೆಯವರು, ಇನ್ನೊಬ್ಬರು ಹಿರೇಮಠದವರು. ಒಂದೇ ಕಟ್ಟೆಯ ಕೆಳಗೆ ಒಂದೇ ದಿನ ಸತ್ತರು.

ಮೋಟೆಬೆನ್ನೂರು ಹೆದ್ದಾರಿಯ ಮೇಲೇ ಇದೆ, ಬ್ಯಾಡಗಿ ತಾಲ್ಲೂಕು. ಮಹಾದೇವಪ್ಪ ಹುಟ್ಟಿದ್ದು ಇಲ್ಲಿ, 1911ರಲ್ಲಿ. ಖಾದಿ ಕೆಲಸ ಕಲಿಯಲು ಹೋಗಿ ಸಾಬರಮತಿ ಆಶ್ರಮ ಸೇರಿದರು. 1930ರ ಮಾರ್ಚ್ 12ರಂದು ಗಾಂಧೀಜಿ ದಂಡಿಗೆ ಹೊರಟಾಗ ಜೊತೆಗೆ ನಡೆಯಲು ಆರಿಸಿದವರ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದವರು ಇವರೊಬ್ಬರೇ. ಆಗ ಇನ್ನೂ 19 ತುಂಬಿರಲಿಲ್ಲ. ಸತ್ತಾಗ 31. ನಮ್ಮ ಅಳಿಯನಿಗೆ ಈಗ 20. ದಂಡಿ ಎಷ್ಟು ದೂರ ಮಾಮ ಅಂತ ಕೇಳಿದ. ಸುಮಾರು 385 ಕಿಲೋಮೀಟರ್ ಅಂದೆ. ಸುಮ್ಮನೆ ತಲೆಯಾಡಿಸಿದ.

ಹೆಂಡತಿ ಸಿದ್ದಮ್ಮನ ಬಗ್ಗೆ ಹೇಳದಿದ್ದರೆ ಈ ದಿನದ ಮಾತು ಪೂರ್ತಿ ಆಗುವುದಿಲ್ಲ. ಆಕೆಯೂ ಸಾಬರಮತಿಯಲ್ಲಿದ್ದರು, ಆಕೆಯೂ ಜೈಲು ಕಂಡರು. ಗಂಡ ಜೈಲು, ಹೆಂಡತಿ ಜೈಲು, ಬಿಡುಗಡೆಯಾದರೆ ಖಾದಿ ಕೆಲಸ, ಮತ್ತೆ ಜೈಲು. ಅವರ ದಾಂಪತ್ಯದಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ನೆಮ್ಮದಿಯಾಗಿ ಉಂಡು ಮಲಗಿದ ದಿನಗಳು ಬಹಳ ಇದ್ದಿರಲಾರವು.

ಐದನೇ ದಿನ: ಈಸೂರು

ಹಿರೇಕೆರೂರು ದಾಟಿ ಶಿಕಾರಿಪುರ ತಾಲ್ಲೂಕಿಗೆ ಬಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. "ಬರ್ರಿ" ಹೋಗಿ "ಬನ್ನಿ, ಕೂತ್ಕಳಿ" ಬಂತು. ಗದ್ದೆಗಳಲ್ಲಿ ಭತ್ತ ಹಳದಿಯಾಗಿತ್ತು.

"ಏಸೂರು ಕೊಟ್ಟರೂ ಈಸೂರು ಕೊಡೆವು." ಈ ಘೋಷಣೆ ಕೇಳದವರು ಕಡಿಮೆ. ಹಿಂದಿನ ಕಥೆ ಗೊತ್ತಿರುವವರೂ ಕಡಿಮೆಯೇ. ಕ್ವಿಟ್ ಇಂಡಿಯಾ ಚಳವಳಿ ಶುರುವಾಗಿ ತಿಂಗಳೂವರೆಯಲ್ಲಿ, 1942ರ ಸೆಪ್ಟೆಂಬರಿನಲ್ಲಿ, ಈ ಊರಿನವರು ಕಂದಾಯ ಕೊಡುವುದಿಲ್ಲ ಅಂದರು. ವಸೂಲಿಗೆ ಬಂದವರ ಕೈಯಿಂದ ಲೆಕ್ಕದ ಪುಸ್ತಕ ಕಿತ್ತುಕೊಂಡರು. ಊರು ಸ್ವತಂತ್ರ ಅಂತ ಸಾರಿದರು. ವೀರಭದ್ರ ದೇವರ ಗುಡಿಯ ಮೇಲೆ ಧ್ವಜ ಏರಿಸಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಪ್ರವೇಶವಿಲ್ಲ ಅಂತ ಊರಬಾಗಿಲಿಗೆ ಬೋರ್ಡು ಹಾಕಿದರು. ತಮ್ಮದೇ ಸರ್ಕಾರ ಮಾಡಿ ಜಯಣ್ಣ ಎಂಬ ಹುಡುಗನನ್ನು ಅಮಲ್ದಾರ (ಈಗಿನ ತಹಸೀಲ್ದಾರ), ಮಲ್ಲಪ್ಪಯ್ಯ ಎಂಬ ಹುಡುಗನನ್ನು ಸಬ್ ಇನ್‌ಸ್ಪೆಕ್ಟರ್ ಅಂತ ನೇಮಿಸಿದರು. ಚಿಕ್ಕ ಹುಡುಗರಾದರೆ ಪೊಲೀಸರು ಹಿಡಿಯಲಾರರು ಅನ್ನುವುದು ಊರಿನವರ ಲೆಕ್ಕಾಚಾರವಾಗಿತ್ತಂತೆ.

ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರ ಚೆನ್ನಕೃಷ್ಣಪ್ಪ, ನಿಜವಾದ ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಬಂದರು. ಊರಿಗೆ ಬರುವುದಾದರೆ ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಊರಿನವರು ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು, ಲಾಠಿ ಬಿತ್ತು, ಗುಂಡು ಹಾರಿತು, ಜನ ರೊಚ್ಚಿಗೆದ್ದರು. ಇಬ್ಬರೂ ಅಧಿಕಾರಿಗಳು ಸತ್ತರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಇಬ್ಬರೂ ನಮ್ಮ ನಾಡಿನವರೇ, ಸರ್ಕಾರಿ ನೌಕರಿ ಮಾಡಿಕೊಂಡಿದ್ದವರು, ಅವರಿಗೂ ಮನೆ ಮಕ್ಕಳು ಇದ್ದಿರಬೇಕು. ಅವರ ಸಾವನ್ನು ನನಗೆ ಹೊಗಳಲು ಬರುವುದಿಲ್ಲ. ಊರಿನವರನ್ನು ಕೊಲೆಗಾರರು ಅನ್ನುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ಊರಿನ ಹಿರಿಯರೊಬ್ಬರ ಜಗಲಿಯಲ್ಲಿ ಕೂತು ಇದನ್ನೇ ಮೆಲ್ಲಗೆ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಯಾರೂ ಕೊಲ್ಲಬೇಕು ಅಂತ ಬಂದಿರ್ಲಿಲ್ಲ ಸಾರ್. ಅದಾದಮೇಲೆ ಊರು ಊರಾಗಿ ಉಳೀಲಿಲ್ಲ" ಅಂದರು. ಜನ ಮಕ್ಕಳು ಮರಿ ಕಟ್ಟಿಕೊಂಡು ಕಾಡಿಗೆ ಓಡಿದರು. ಬಂದ ಪಡೆ ಮನೆಗಳನ್ನು ಲೂಟಿ ಮಾಡಿ ಬೆಂಕಿ ಇಟ್ಟಿತು. ಒಕ್ಕುವ ಬೆಳೆ ಗದ್ದೆಯಲ್ಲೇ ಉಳಿಯಿತಂತೆ. ಅವರು ಅದನ್ನು ತಮ್ಮ ತಾಯಿಯ ಬಾಯಲ್ಲಿ ಕೇಳಿದ್ದು.

ವಿಚಾರಣೆ ನಡೆದು ಕೊನೆಗೆ ಐವರನ್ನು ಗಲ್ಲಿಗೇರಿಸಿದರು: ಗುರಪ್ಪ, ಜಿನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ ಶಂಕರಪ್ಪ. 1943ರ ಮಾರ್ಚ್ 8, 9 ಮತ್ತು 10ರಂದು, ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. ಹಾಲಮ್ಮ, ಸಿದ್ದಮ್ಮ, ಪಾರ್ವತಮ್ಮ ಈ ಮೂವರು ಹೆಂಗಸರಿಗೆ ಜೀವಾವಧಿ ಶಿಕ್ಷೆ ಆಯಿತು. ಹುತಾತ್ಮರ ಸ್ಮಾರಕದ ಮುಂದೆ ಅಕ್ಕ ಐದು ಹೆಸರನ್ನೂ ಗಟ್ಟಿಯಾಗಿ ಓದಿದಳು, ಆಮೇಲೆ ಮೂರು ಹೆಂಗಸರ ಹೆಸರನ್ನೂ ಬಾಯಿಪಾಠದಿಂದ ಹೇಳಿದಳು. ಸೈಕಲ್ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ ಹುಡುಗನೊಬ್ಬ ಹತ್ತಿರ ಬಂದು, "ಟೀಚರಾ ಆಂಟಿ ನೀವು?" ಅಂತ ಕೇಳಿದ.

ಜಗಲಿಯ ಹಿರಿಯರು ಊಟ ಮಾಡದೆ ಕಳಿಸಲಿಲ್ಲ. ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ, ಮಜ್ಜಿಗೆ.

ಆರನೇ ದಿನ: ಬೆಂಗಳೂರು

ಅಕ್ಕನೂ ಅಳಿಯನೂ ನನ್ನ ಜೊತೆ ಬೆಂಗಳೂರಿಗೇ ಬಂದರು, ಯಾಕೆಂದರೆ ಈಸೂರಿನ ಕಥೆ ಮುಗಿಯುವುದು ಇಲ್ಲಿ. ಆ ಹಳೇ ಸೆಂಟ್ರಲ್ ಜೈಲೇ ಇವತ್ತಿನ ಫ್ರೀಡಂ ಪಾರ್ಕ್. 1867ರಲ್ಲಿ ಕಟ್ಟಿದ ಜೈಲು, ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ 2008ರಲ್ಲಿ ಪಾರ್ಕಾಗಿ ತೆರೆಯಿತು. ನಡುವಿನ ಕಾವಲು ಗೋಪುರ, ಬ್ಯಾರಕ್ಕುಗಳು, ಗಲ್ಲಿನ ಜಾಗ ಎಲ್ಲ ಇವೆ. ಒಂದು ಮೂಲೆಯಲ್ಲಿ ಅವತ್ತೂ ಧರಣಿ ನಡೆಯುತ್ತಿತ್ತು, ಸಂಬಳ ಜಾಸ್ತಿ ಮಾಡಿ ಅಂತ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರು. ಕೇಳುವ ಹಕ್ಕಿಗಾಗಿ ಜನ ಸತ್ತ ಜಾಗದಲ್ಲಿ ಕೇಳಲು ಜನ ಕೂತಿದ್ದು ನನಗೆ ಸರಿಯಾಗಿಯೇ ಕಂಡಿತು. ಅಕ್ಕ ಅವರ ಹತ್ತಿರ ಹೋಗಿ ಕೂತು ಮಾತಿಗಿಳಿದಳು. ಹಾವೇರಿ ಜಿಲ್ಲೆಯಿಂದ ಬಂದವರೂ ಇದ್ದರು, ಮಾತು ಹೊಸರಿತ್ತಿಯ ಕಡೆ ತಿರುಗಿತು.

ಹೋಗಬೇಕು ಅಂದುಕೊಳ್ಳುವವರಿಗೆ ಒಂದೆರಡು ವಿಷಯ. ಕಿತ್ತೂರು ಉತ್ಸವ ಅಕ್ಟೋಬರ್ 23ಕ್ಕೆ ಶುರು, ಜಾತ್ರೆಯ ಗದ್ದಲ ಬೇಕಾದವರು ಆಗ ಹೋಗಿ, ಕೋಟೆ ನಿಧಾನವಾಗಿ ನೋಡಬೇಕಾದವರು ಬೇರೆ ದಿನ ಹೋಗಿ. ನಂದಗಡಕ್ಕೆ ಖಾನಾಪುರದಿಂದ, ಹೊಸರಿತ್ತಿಗೆ ಹಾವೇರಿಯಿಂದ, ಈಸೂರಿಗೆ ಶಿಕಾರಿಪುರದಿಂದ ಬಸ್ಸಿನಲ್ಲೂ ಹೋಗಬಹುದು. ಹಳ್ಳಿಗಳಲ್ಲಿ ಫಲಕ ಓದಿ ಹೊರಡಬೇಡಿ, ಕಟ್ಟೆಯಲ್ಲಿ ಕೂತವರನ್ನು ಮಾತಾಡಿಸಿ. ನಮಗೆ ಇನ್ನೂ ವಿದುರಾಶ್ವತ್ಥ, ಶಿವಪುರ, ಅಂಕೋಲಾ ಬಾಕಿ ಇವೆ. ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿಸಿದರು, ಸತ್ತವರ ಹೆಸರುಗಳ ಸ್ಮಾರಕ ಅಲ್ಲಿದೆ. ಅಂಕೋಲಾದಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪು ಮಾಡಿದಾಗ ಮೊದಲ ಪೊಟ್ಟಣವನ್ನು 30 ರೂಪಾಯಿ ಕೊಟ್ಟು ಕೊಂಡವರು ರೇವು ಹೊನ್ನಪ್ಪ ನಾಯಕರು. ಏಪ್ರಿಲ್ ರಜೆಯಲ್ಲಿ ಅಂಕೋಲಾಕ್ಕೆ ಹೋಗುವುದು ಅಂತ ಅಕ್ಕ ಆಗಲೇ ತೀರ್ಮಾನ ಮಾಡಿದ್ದಾಳೆ. ಈ ಸಲ ಅವಳ ಹತ್ತನೇ ಕ್ಲಾಸಿನ ಕೆಲವು ಮಕ್ಕಳೂ ಜೊತೆಗೆ ಬರುತ್ತಾರಂತೆ. ಆ ಕಡೆಯ ಹಿರಿಯರು ಯಾರಾದರೂ ಹಳೇ ಮಾತು ಹೇಳಬಲ್ಲವರಿದ್ದರೆ ದಯವಿಟ್ಟು ತಿಳಿಸಿ.